ಗಂಡನ ಬ್ಲೇಡು, ನನ್ನ ಮಣೆ

ಮದುವೆ ಊಟ ಬಿಟ್ಟು ರೋಬೋಟುಗಳ ಜಗಳ ನೋಡುತ್ತಾ ನಿಂತವರು ನಮ್ಮೂರು ಕೆ.ಆರ್. ಪೇಟೆಯವರಲ್ಲಿ ನಾವಿಬ್ಬರೇ ಇರಬೇಕು. ಶ್ರೀರಂಗಪಟ್ಟಣದಲ್ಲಿ ನಮ್ಮ ಯಜಮಾನರ ಕಡೆಯವರ ಮದುವೆ. ಧಾರೆ ಮುಗಿದಿತ್ತು, ಎಲೆ ಹಾಕುವುದಕ್ಕೆ ಇನ್ನೂ ಹೊತ್ತಿತ್ತು. ಸುಮ್ಮನೆ ಬಾಬುರಾಯನಕೊಪ್ಪಲಿನ ಕಡೆ ನಡೆದು ಹೋದರೆ ರಸ್ತೆ ಪಕ್ಕದ ಬಯಲಿನಲ್ಲಿ ಶಾಮಿಯಾನ, ಜನವೋ ಜನ. ಕೋಳಿ ಪಂದ್ಯ ಇರಬೇಕೆಂದು ಇವರು ನುಗ್ಗಿದರು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನೂ ನುಗ್ಗಿದೆ.

ಗಾಜಿನಂಥ ದಪ್ಪ ಪ್ಲಾಸ್ಟಿಕ್ಕಿನ ದೊಡ್ಡ ಪೆಟ್ಟಿಗೆ. ಅದರೊಳಗೆ ಊಟದ ತಟ್ಟೆಯಷ್ಟೇ ಅಗಲದ ಎರಡು ಯಂತ್ರಗಳು ಒಂದನ್ನೊಂದು ಅಟ್ಟಾಡಿಸಿಕೊಂಡು ಗುದ್ದುತ್ತಿದ್ದವು. ಹೊರಗೆ ಕಾಲೇಜು ಹುಡುಗಿಯರಿಬ್ಬರು ರಿಮೋಟು ಹಿಡಿದು ಕುಣಿಯುತ್ತಿದ್ದರು. ಒಂದರ ಗಾಲಿ ಕಿತ್ತುಕೊಂಡು ಬಂದು ಪೆಟ್ಟಿಗೆಯ ಗೋಡೆಗೆ ರಪ್ಪನೆ ಬಡಿಯಿತು. ನಾನು ಎಂಥಾ ಕಿರುಚು ಕಿರುಚಿದೆ ಎಂದರೆ ಪಕ್ಕದಲ್ಲಿದ್ದವರೆಲ್ಲ ರೋಬೋಟು ಬಿಟ್ಟು ನನ್ನನ್ನೇ ನೋಡಿದರು.

"ಇದ್ನ ನಾವೇ ಮಾಡ್ಬೋದು ಕಣೆ," ಎಂದರು ಇವರು. ನಾವು ಛತ್ರಕ್ಕೆ ವಾಪಸು ಹೋಗುವಷ್ಟರಲ್ಲಿ ಕೊನೆಯ ಪಂಕ್ತಿಯೂ ಎದ್ದಿತ್ತು. ಬರೀ ಬಾಳೆಹಣ್ಣು ತಿಂದು ಬಸ್ಸು ಹತ್ತಿದೆವು.

ಇವರದು ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ಪಕ್ಕದ ಮಳಿಗೆಯಲ್ಲಿ ನಾನು ಬ್ಲೌಸು ಹೊಲಿಯುತ್ತೇನೆ. ಇಬ್ಬರೂ ಫೋನಿನಲ್ಲಿ ವೀಡಿಯೋ ನೋಡಿ ನೋಡಿ ಸಾಮಾನು ತರಿಸಿದೆವು. ಗಾಲಿಗೊಂದು ಪುಟ್ಟ ಮೋಟಾರು, ಬ್ಯಾಟರಿ, ರಿಮೋಟು, ರಿಮೋಟಿನ ಮಾತು ಕೇಳಿಸಿಕೊಳ್ಳುವ ಬೆರಳುದ್ದದ ಒಂದು ಬೋರ್ಡು. ಎಲ್ಲ ಸೇರಿ ಒಂದೂವರೆ ಕೇಜಿ ದಾಟಬಾರದು, ಅದೊಂದೇ ದೊಡ್ಡ ನಿಯಮ. ವೈರು ಬೆಸೆಯಲು ನಾನು ಕೈ ಚಾಚಿದೆ.

"ನಿಂಗ್ ಗೊತ್ತಾಗಲ್ಲ, ಬುಡು," ಎಂದರು.

ಮಿಕ್ಸಿ ಕೆಟ್ಟಾಗ ಇದೇ ಮಾತು, ಸ್ಕೂಟರು ನಿಂತಾಗ ಇದೇ ಮಾತು. ಕೇಳಿ ಕೇಳಿ ಸಾಕಾಗಿತ್ತು. ಆವತ್ತು ನೆತ್ತಿಗೇರಿತು. "ಆಯ್ತು, ನಂದು ನಾನೇ ಬೇರೆ ಮಾಡ್ಕೋತೀನಿ," ಎಂದವಳೇ ಮರುದಿನ ಇನ್ನೊಂದು ಸೆಟ್ಟು ತರಿಸಿದೆ. ಹೀಗೆ ಒಂದೇ ಮನೆಯಲ್ಲಿ ಎರಡು ರೋಬೋಟು ಹುಟ್ಟಿದವು.

ಅದೇ ಬಯಲಿನಲ್ಲಿ ಮತ್ತೆ ನಡೆಯಲಿದ್ದ ಹೊಸಬರ ಪಂದ್ಯಕ್ಕೆ ಇಬ್ಬರೂ ಹೆಸರು ಕೊಟ್ಟೆವು. ಕೊಟ್ಟ ಮೇಲೆ ನನಗೊಂದು ಹೆದರಿಕೆ ಹಿಡಿಯಿತು. ಸೋಲುತ್ತೇನೆ ಎಂದಲ್ಲ. ಎದುರಿಗೆ ಸಿಕ್ಕರೆ ಇವರು ಎಲ್ಲಿ ಬೇಕೆಂದೇ ಸೋತುಬಿಡುತ್ತಾರೋ ಎಂದು. ಮದುವೆಯಾದ ಹೊಸತರಲ್ಲಿ ಚೌಕಾಬಾರ ಆಡುವಾಗ ನನ್ನ ಮುಖ ಸಪ್ಪಗಾದರೆ ಸಾಕು, ಇವರು ಕಾಯಿ ತಪ್ಪಾಗಿ ನಡೆಸಿ, ಒಂದು ಮುಗುಳ್ನಗೆ ನಕ್ಕು ಸೋಲುತ್ತಿದ್ದರು. ಅದು ಪ್ರೀತಿಯೇ ಇರಬಹುದು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಮಗುವಿಗೆ ಮಿಠಾಯಿ ಕೊಟ್ಟ ಹಾಗೆ ಗೆಲುವು ಕೊಡುವವರ ಜೊತೆ ಆಡುವುದು ಯಾಕೆ? ಈ ರೋಬೋಟಿನಲ್ಲೂ ಹಾಗೆ ಮಾಡಿದರೆ ತವರಿಗೆ ಹೋಗಿಬಿಡುತ್ತೇನೆ ಎಂದು ಬಾಯಿಬಿಟ್ಟೇ ಹೇಳಿದ್ದೆ. "ಅಂಗೆಲ್ಲ ಮಾಡಲ್ಲ ಕಣೆ," ಎಂದು ನಕ್ಕರು. ಆ ನಗುವೇ ನನಗೆ ನಂಬಿಕೆ ಬಾರದ್ದು.

ಇವರದ್ದು ಕಬ್ಬಿಣದ್ದು. ಹಳೆಯ ಪಂಪಿನ ಸ್ಟಾರ್ಟರ್ ಡಬ್ಬದ ತಗಡು, ಮುಂದೆ ಗಿರ್ರೆಂದು ತಿರುಗುವ ಬ್ಲೇಡು. ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಭಾರ ಜಾಸ್ತಿ ಬಂತು. ಡ್ರಿಲ್ಲು ಹಿಡಿದು ಮೈತುಂಬ ತೂತು ಹೊಡೆದು ಅದನ್ನು ಜರಡಿ ಮಾಡಿದರು. ಟ್ರಾಕ್ಟರು ನೋಡಿ ಬೆಳೆದ ಕಣ್ಣು, ರೋಬೋಟಿನ ಹೊಟ್ಟೆಯನ್ನು ಮಾತ್ರ ನೆಲದಿಂದ ಎತ್ತರಕ್ಕೇ ಇಟ್ಟರು.

ನಾನು ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆ ತೆಗೆದುಕೊಂಡೆ. ಬ್ಲೌಸಿಗೆ ಮಾಡುವ ಹಾಗೆ ಮೊದಲು ಪೇಪರು ಕತ್ತರಿಸಿ, ಟೇಪಿಟ್ಟು ಅಳೆದು, ಆಮೇಲೆ ಮಣೆ ಕೊಯ್ದೆ. ನನಗೆ ಬ್ಲೇಡು ಬೇಡವಾಗಿತ್ತು. ಮುಂದಕ್ಕೆ ಇಳಿಜಾರಾದ ಒಂದು ಸ್ಟೀಲು ತಗಡು, ಅದು ಸದಾ ನೆಲ ಸವರಿಕೊಂಡು ಹೋಗಬೇಕು, ದೋಸೆ ಮಗುಚುವ ಕೈಯ ಹಾಗೆ. ಅದನ್ನು ಕೂರಿಸಲು ಕಿಟಕಿಯ ಕೀಲು ಹಾಕಿದೆ. ತಗಡು ಬಗ್ಗಿಸಿಕೊಟ್ಟವರು ನಮ್ಮ ಬೀದಿಯ ಲೇತ್ ಅಂಗಡಿ ಸಾಹೇಬರು. ಇವರ ಬ್ಲೇಡು ಕಡೆದವರೂ ಅವರೇ.

"ಅಕ್ಕಾ, ಅಣ್ಣಂದು ಎಂಗೈತೆ ಅಂತ ಕೇಳ್ಬೇಡಿ. ನಿಮ್ದೂ ಅವ್ರಿಗೆ ಹೇಳಲ್ಲ, ಖುದಾ ಕಸಮ್," ಎಂದರು. ನಾನು ಕೇಳಿರಲೇ ಇಲ್ಲ. ಎರಡು ನಿಮಿಷ ಬಿಟ್ಟು ಅವರೇ ದನಿ ತಗ್ಗಿಸಿ, "ಆದ್ರೂ ಉಷಾರಾಗಿರಿ. ಅಣ್ಣನ ಬ್ಲೇಡು ನೋಡುದ್ರೆ ನಂಗೇ ಡರ್ ಆಗ್ತದೆ," ಎಂದರು.

ಓಡಿಸುವುದನ್ನು ಕಲಿತದ್ದು ಮನೆ ಹಿಂದಿನ ಒಣಗಿದ ಸಿಮೆಂಟು ತೊಟ್ಟಿಯಲ್ಲಿ. ಬೆಂಕಿ ಹತ್ತೀತೆಂದು ಬ್ಯಾಟರಿಯನ್ನು ಮಡಕೆಯೊಳಗಿಟ್ಟು ಅಂಗಳದಲ್ಲಿ ಚಾರ್ಜು ಮಾಡುತ್ತಿದ್ದೆವು. ನಮ್ಮ ಬೀದಿಯವರು ಯಾವುದೋ ಹರಕೆ ಎಂದುಕೊಂಡಿದ್ದರು. ರೋಬೋಟು ಮುಂದಕ್ಕೆ ಹೋಗುವಾಗ ಎಲ್ಲ ಸರಿ. ಅದು ನನ್ನ ಕಡೆ ಮುಖ ಮಾಡಿತೋ, ಎಡ ಬಲವಾಗಿ ಬಲ ಎಡವಾಗಿ ತಲೆ ಕೆಟ್ಟು ಹೋಗುತ್ತಿತ್ತು. ಕೊನೆಗೊಂದು ಉಪಾಯ ಕಂಡುಕೊಂಡೆ. ಅದು ತಿರುಗಿದಾಗ ನಾನೂ ತಿರುಗಿ, ಬೆನ್ನು ಹಾಕಿ ನಿಂತು, ಭುಜದ ಮೇಲಿಂದ ನೋಡುತ್ತಾ ಓಡಿಸುವುದು. ಇವರು ಬಿದ್ದು ಬಿದ್ದು ನಕ್ಕರು. ನಗಲಿ ಎಂದುಕೊಂಡೆ.

ಪಂದ್ಯದ ಬೆಳಿಗ್ಗೆ, ಹೊಸ ಗಾಡಿಗೆ ಮಾಡುವ ಹಾಗೆ ಇವರು ರೋಬೋಟಿಗೆ ಕುಂಕುಮ ಹಚ್ಚಿ, ಗಾಲಿಯಡಿ ನಿಂಬೆಹಣ್ಣಿಟ್ಟು ಮುಂದಕ್ಕೆ ಬಿಟ್ಟರು. ಹಣ್ಣು ಒಡೆಯಲಿಲ್ಲ. ಜಾರಿ ಹೊಟ್ಟೆಯಡಿ ಸಿಕ್ಕಿಕೊಂಡಿತು. ರೋಬೋಟು ಅದರ ಮೇಲೆ ಕೂತುಬಿಟ್ಟಿತು, ಗಾಲಿಗಳು ಗಾಳಿಯಲ್ಲಿ ಸುಮ್ಮನೆ ತಿರುಗಿದವು. "ಅಪಶಕುನ ಅನ್ಬೇಡ!" ಎಂದು ಗದರಿದರು. ನಾನೆಲ್ಲಿ ಅಂದೆ? ಆ ಹೊಟ್ಟೆಯಡಿ ಏನಾದರೂ ತೂರಿದರೆ ಗಾಲಿಗೆ ನೆಲ ಸಿಗುವುದಿಲ್ಲ ಎಂದು ಲೆಕ್ಕ ಹಾಕುತ್ತಾ ಬಾಯಿ ಮುಚ್ಚಿಕೊಂಡಿದ್ದೆ.

ಮತ್ತೆ ಅದೇ ಬಯಲು, ಅದೇ ಪೆಟ್ಟಿಗೆ. ಚೀಟಿ ಎತ್ತಿದರು. ಮೊದಲ ಪಂದ್ಯವೇ ಗಂಡ ಹೆಂಡತಿಗೆ! ಜನ ಶಿಳ್ಳೆ ಹೊಡೆದರು. ನನಗೂ ನಗು ಬಂತು, ನಗುತ್ತಲೇ ಇವರ ಕಡೆ ಬೆರಳು ತೋರಿಸಿದೆ.

"ಬುಟ್ಕೊಟ್ರೆ ನೋಡಿ ಮತ್ತೆ!" ಎಂದೆ.

ಇವರು ರಿಮೋಟು ಒತ್ತಿದರು. ಬ್ಲೇಡು ಕೂಗಿತು. ನೇರ ಬಂದು ನನ್ನ ಮಣೆಯ ಒಂದು ಮೂಲೆಯನ್ನೇ ಹಾರಿಸಿತು. ಇನ್ನೊಂದು ಏಟಿಗೆ ನನ್ನದು ಬುಗುರಿಯಾಯಿತು. ತಿರುಗಿ ನಿಂತಾಗ ಅದರ ಮುಖ ನನ್ನ ಕಡೆ. ನಾನು ತಡಮಾಡಲಿಲ್ಲ, ಅಷ್ಟು ಜನರೆದುರು ಬೆನ್ನು ಹಾಕಿ ನಿಂತೆ. ಗೊಳ್ಳೆಂದು ನಗು. ಭುಜದ ಮೇಲಿಂದ ನೋಡುತ್ತಾ ರಿಮೋಟಿನ ಎರಡು ಕಡ್ಡಿಯನ್ನೂ ಪೂರ್ತಿ ಮುಂದಕ್ಕೆ ಒತ್ತಿದೆ. ತಗಡು ಸರ್ರನೆ ಇವರ ರೋಬೋಟಿನ ಹೊಟ್ಟೆಯಡಿ ಹೋಯಿತು. ಗಾಲಿಗಳು ಮೇಲೆದ್ದವು. ಹಾಗೇ ತಳ್ಳಿಕೊಂಡು ಹೋಗಿ ಮೂಲೆಯಲ್ಲಿ ಕೆಡವಿದೆ. ಅದು ಮಗುಚಿ ಬಿದ್ದು ಕಾಲು ಝಾಡಿಸುತ್ತಿತ್ತು. ತೀರ್ಪುಗಾರರು ಹತ್ತು ಎಣಿಸಿದರು.

ನಾನು ಕುಣಿದೆ. ಗುರುತಿಲ್ಲದ ಹೆಂಗಸೊಬ್ಬರನ್ನು ತಬ್ಬಿಕೊಂಡೆ. ಆಮೇಲೆ ಇವರ ಕಡೆ ನೋಡಿದೆ. ರಿಮೋಟು ಕೆಳಗಿಟ್ಟು, ಮುಗುಳ್ನಕ್ಕು, "ಗೆದ್ದೆ ಬುಡು," ಎಂದರು. ಅದೇ ಚೌಕಾಬಾರದ ನಗು. ನನ್ನ ಕುಣಿತ ಅಲ್ಲಿಗೇ ನಿಂತುಹೋಯಿತು.

ಎರಡನೆಯ ಪಂದ್ಯದಲ್ಲಿ ನಾಗಮಂಗಲದ ಹುಡುಗಿಯರ ರೋಬೋಟು ನನ್ನ ಮಣೆಯನ್ನು ಚಾವಣಿಗೆ ಎಸೆದು ಮೂರು ತುಂಡು ಮಾಡಿತು. ಅದಕ್ಕೆ ನನಗೆ ಒಂದಿಷ್ಟೂ ಬೇಸರವಾಗಲಿಲ್ಲ. ಹಾಗೆ ಸೋಲುವುದರಲ್ಲಿ ಒಂದು ಮರ್ಯಾದೆಯಿತ್ತು.

ಬಸ್ಸಿನಲ್ಲಿ ಇವರು ಕಿಟಕಿ ಕಡೆ ಕೂತರು. ಪಾಂಡವಪುರದಲ್ಲಿ ಬಿಸಿ ಕಳ್ಳೆಕಾಯಿ ಕೊಂಡು ಕೊಟ್ಟೆ. ಮುಟ್ಟಲಿಲ್ಲ. ಊರು ದಾಟಿದ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ: "ನಿಜ ಹೇಳಿ. ಬೇಕಂತ ತಾನೇ ಸೋತದ್ದು?"

ಇವರು ತಿರುಗಿದರು. ಮುಖ ಕೆಂಪಾಗಿತ್ತು. "ಬೇಕಂತ ಸೋಲಾಕೆ ನಂಗೇನ್ ತಲೆ ಕೆಟ್ಟದಾ? ನಿದ್ದೆಗೆಟ್ಟು ಮಾಡಿವ್ನಿ ಕಣೆ ಅದ್ನ! ಗಾಲಿಗೆ ಒಂಚೂರು ನೆಲ ಸಿಕ್ಕಿದ್ರೆ ನಿನ್ ಮಣೆಯ ಪುಡಿಪುಡಿ ಮಾಡ್ಬುಡ್ತಿದ್ದೆ! ನಕ್ಕಿದ್ದು ಜನ ನೋಡ್ತಾವ್ರಲ್ಲ ಅಂತ, ಅಳಕ್ಕಾದದಾ?"

ಇಡೀ ಬಸ್ಸು ನಮ್ಮ ಕಡೆ ತಿರುಗಿತು. ಇವರು ಮತ್ತೆ ಕಿಟಕಿ ಕಡೆ ತಿರುಗಿ ಮುಖ ಊದಿಸಿಕೊಂಡು ಕೂತರು. ಅಷ್ಟು ನಿಜವಾದ ಸಿಟ್ಟನ್ನು ಇವರು ನನಗೆ ಯಾವತ್ತೂ ತೋರಿಸಿರಲಿಲ್ಲ. ನನಗೆ ನಗು ಉಕ್ಕಿ ಬಂತು, ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು.

ಮುಂದಿನ ಸೀಟಿನ ಅಜ್ಜಿ ಹಿಂದಕ್ಕೆ ಬಾಗಿ ನನ್ನ ಕೈ ಹಿಡಿದುಕೊಂಡಳು. "ಯಾಕವ್ವಾ ಅಳ್ತೀಯೆ? ಏನಾಯ್ತು?"

"ಗೆದ್ದೆ ಕಣಜ್ಜಿ," ಎಂದೆ. "ನಿಜವಾಗ್ಲೂ ಗೆದ್ದೆ."