ಮೌಸಮ್ಮ ಮತ್ತು ಕಪ್ಪು ಪರದೆ

ಆತನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಕ್ಷಮಿಸಬೇಕೆಂದು ಅನ್ನಿಸಿದ್ದೂ ಇಲ್ಲ.

ನಾನು ಕೆಲಸಕ್ಕೆ ಸೇರಿದ್ದು ಚಿಕ್ಕಬಳ್ಳಾಪುರದ ಒಂದು ಖಾಸಗಿ ಆಸ್ಪತ್ರೆಗೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಲ್ಲಿ ಅದರ ಶಾಖೆಗಳಿದ್ದವು. ನಾಲ್ಕೂ ಊರಿನ ರೋಗಿಗಳ ವಿವರ, ರಕ್ತಪರೀಕ್ಷೆಯ ಫಲಿತಾಂಶ, ಔಷಧಿಯ ದಾಸ್ತಾನು ಎಲ್ಲವೂ ಚಿಕ್ಕಬಳ್ಳಾಪುರದಲ್ಲಿದ್ದ ಒಂದೇ ಡೇಟಾಬೇಸಿನಲ್ಲಿ ಇರುತ್ತಿದ್ದವು. ಅದನ್ನು ನೋಡಿಕೊಳ್ಳಲು ಇಬ್ಬರು. ಮೊದಲಿನಿಂದಲೂ ಇದ್ದ ಆತ, ಆಮೇಲೆ ಬಂದ ನಾನು. ಆತನ ಮನೆ ತೊಂಡೇಬಾವಿಯಲ್ಲಿ. ಹಾಗಾಗಿ ಕೆಲವು ದಿನ ಹತ್ತಿರದ ಗೌರಿಬಿದನೂರು ಶಾಖೆಯಲ್ಲೇ ಕೂತು ಕೆಲಸ ಮಾಡುತ್ತಿದ್ದ. ನಾನು ಶಿಡ್ಲಘಟ್ಟದವಳು, ದಿನವೂ ಬಸ್ಸಿನಲ್ಲಿ ಬರುತ್ತಿದ್ದೆ.

ನನಗೆ ಕೋರ್ಸಿನಲ್ಲಿ ಕಲಿಸಿದ್ದು ಗ್ರಾಫಿಕಲ್ ಟೂಲ್. ಎಡಗಡೆ ಟೇಬಲ್ಲುಗಳ ಪಟ್ಟಿ, ಮೇಲೆ ಬಟನ್ನುಗಳು. ಬ್ಯಾಕಪ್ ಬೇಕೆಂದರೆ ಮೌಸಿನ ಬಲಗಡೆ ಒತ್ತಿ ಆರಿಸಿಕೊಂಡರಾಯಿತು. ಯಾವ ಕೆಲಸ ಯಾವುದಕ್ಕೆ ಅಡ್ಡ ನಿಂತಿದೆ ಅನ್ನುವುದೂ ಬಣ್ಣದಲ್ಲಿ ಕಾಣುತ್ತಿತ್ತು. ಆತನಿಗೆ ಅದನ್ನು ಕಂಡರೇ ಆಗದು. ಆತನದೇನಿದ್ದರೂ ಕಪ್ಪು ಪರದೆ, ಅದರಲ್ಲಿ ಬಿಳಿ ಅಕ್ಷರದ ಕಮಾಂಡುಗಳು. ಟೈಪ್ ಮಾಡುವಾಗ ಯಾರಾದರೂ ಹಿಂದೆ ನಿಂತು ನೋಡಲಿ ಎಂದು ಸ್ವಲ್ಪ ಓರೆಯಾಗಿಯೇ ಕೂರುತ್ತಿದ್ದ. ಆದರೆ ನಾನು ನಿಂತರೆ ಮಾತ್ರ ಕಂಪ್ಯೂಟರಿನಲ್ಲಿ ತೆರೆದಿದ್ದ ಆ ಕಿಟಕಿಯನ್ನೇ ಮುಚ್ಚಿಬಿಡುತ್ತಿದ್ದ.

"ಸಾರ್, ಅದ್ ಯಾವ ಕಮಾಂಡು?" ಎಂದು ಒಮ್ಮೆ ಕೇಳಿದೆ.

"ಕಲ್ತಿರೋರು ಕಲ್ತುಕೊಂಡೇ ಬರ್ತಾರಮ್ಮ. ನಿಂಗ್ಯಾಕೆ? ಕ್ಲಿಕ್ ಮಾಡ್ಕೊಂಡಿರು, ಮೌಸಮ್ಮ."

ಪಕ್ಕದಲ್ಲಿ ಫೈಲು ತಂದಿದ್ದ ನರ್ಸುಗಳಿಬ್ಬರು ಕಿಸಕ್ಕನೆ ನಕ್ಕರು. ಆವತ್ತಿನಿಂದ ಆ ಆಸ್ಪತ್ರೆಯಲ್ಲಿ ನಾನು ಮೌಸಮ್ಮ. ಕ್ಯಾಂಟೀನಿನವನಿಗೂ ಮೌಸಮ್ಮ. ಮನೆಯಲ್ಲಿ ಹೇಳಿಕೊಂಡಾಗ ನಮ್ಮ ಅಮ್ಮಿ, ಅವನ ನಾಲಿಗೆಗೆ ಹುಳ ಬೀಳಲಿ ಎಂದು ಉರ್ದುವಿನಲ್ಲಿ ಶಪಿಸಿದರು. ಆಮೇಲೆ ಬೇರೆ ಕೆಲಸ ನೋಡಿಕೋ ಅಂದರು. ನಾನು ಒಪ್ಪಲಿಲ್ಲ. ಬಿಟ್ಟು ಹೋದರೆ ಆತನಿಗೆ ಹಬ್ಬವಾಗುತ್ತದಲ್ಲ ಎಂಬ ಹಟ.

ಒಂದು ಸೋಮವಾರ ಬಂದು ಕಂಪ್ಯೂಟರ್ ತೆರೆದರೆ ನನ್ನ ಟೂಲ್ ಇಲ್ಲ. ಅದು ಸರ್ವರಿನ ಮೆಮೊರಿ ತಿನ್ನುತ್ತದೆ, ಕ್ಲಿಕ್ಕು ತಪ್ಪಿದರೆ ಟೇಬಲ್ಲೇ ಅಳಿಸಿಹೋಗುತ್ತದೆ ಎಂದೆಲ್ಲ ಆತ ಮ್ಯಾನೇಜರ್ ಕಿವಿಯಲ್ಲಿ ಊದಿ, ಅನುಮತಿ ಪಡೆದು ತೆಗೆಸಿಹಾಕಿದ್ದ. ನನಗೆ ಒಂದು ಮಾತೂ ಹೇಳಿರಲಿಲ್ಲ. ಜಗಳ ಆಡೋಣವೆಂದರೆ ಆತ ಅಂದು ಗೌರಿಬಿದನೂರಿನಲ್ಲಿದ್ದ.

ಅಷ್ಟರಲ್ಲಿ ಚಿಂತಾಮಣಿ ಶಾಖೆಯ ಲ್ಯಾಬಿನಿಂದ ಫೋನು ಬಂತು. ಅಲ್ಲಿನ ಟೆಕ್ನಿಷಿಯನ್ ಹೆಂಗಸು ಆಗಲೇ ಕೂಗಾಡುತ್ತಿದ್ದಳು. "ಮೇಡಂ, ರಿಸಲ್ಟು ಸೇವೇ ಆಗ್ತಾ ಇಲ್ಲ! ಸುತ್ಕೊಂಡೇ ಕೂತೈತೆ. ಮುರುಗಮಲ್ಲದಿಂದ ಒಬ್ರು ಜ್ವರದಲ್ಲಿ ನಡುಗ್ತಾ ಕೂತವ್ರೆ, ಪ್ಲೇಟ್‌ಲೆಟ್ ಎಷ್ಟಂತ ಡಾಕ್ಟ್ರು ಕೇಳ್ತಾವ್ರೆ."

"ಆ ನಂಬರನ್ನ ಚೀಟಿಲಿ ಬರೆದು ಡಾಕ್ಟರಿಗೆ ಕೊಟ್ಬಿಡಿ. ನಾನ್ ನೋಡ್ತೀನಿ," ಅಂದೆ.

ಫೋನ್ ಇಟ್ಟೆನೋ ಇಲ್ಲವೋ, ಶಿಡ್ಲಘಟ್ಟದಿಂದಲೂ ಅದೇ ದೂರು. ಟೂಲ್ ಇದ್ದಿದ್ದರೆ ಯಾರು ಯಾರಿಗೆ ಅಡ್ಡ ನಿಂತಿದ್ದಾರೆಂದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಆತನಿಗೆ ಫೋನ್ ಮಾಡಿದೆ.

"ಸಾರ್, ಲ್ಯಾಬ್ ಟೇಬಲ್ ಲಾಕ್ ಆಗಿದೆ ಅನ್ಸುತ್ತೆ. ನನ್ ಟೂಲ್ ತೆಗೆಸಿದ್ದೀರ. ಹೇಗ್ ನೋಡ್ಲಿ?"

"ಕಪ್ಪು ಪರದೆ ಐತಲ್ಲ, ಅದ್ರಾಗೆ ನೋಡ್ಕೊ ಮೌಸಮ್ಮ. ನಾನು ಟಿಫಿನ್‌ಗೆ ಬಂದಿದೀನಿ."

ಫೋನ್ ಕಟ್ಟಾಯಿತು. ಮತ್ತೆ ಮಾಡಿದೆ, ಎತ್ತಲಿಲ್ಲ.

ಕಪ್ಪು ಪರದೆ ತೆರೆದು ಕೂತೆ. ಏನನ್ನು ಹುಡುಕಬೇಕೆಂದು ನನಗೆ ಗೊತ್ತಿತ್ತು, ಅದನ್ನು ಕೇಳುವ ಭಾಷೆ ಕೈಗೆ ಹತ್ತಿರಲಿಲ್ಲ. ಟೂಲಿನಲ್ಲಿ ಪ್ರತಿ ಕ್ಲಿಕ್ಕಿನ ಹಿಂದೆ ಯಾವ ಕಮಾಂಡು ಓಡುತ್ತದೆ ಎಂದು ತೋರಿಸುವ ಒಂದು ಬಟನ್ ಇರುತ್ತಿತ್ತು. ಬೇಸರವಾದಾಗ ಅದನ್ನು ಒತ್ತಿ ಓದುತ್ತಿದ್ದೆ. ಅದೆಲ್ಲ ಅರ್ಧಂಬರ್ಧ ನೆನಪಿಗೆ ಬಂತು. ಟೈಪ್ ಮಾಡಿ ಎಂಟರ್ ಒತ್ತಿದರೆ ಏನೂ ಆಗಲಿಲ್ಲ, ಕರ್ಸರ್ ಸುಮ್ಮನೆ ಮಿಟುಕುತ್ತಿತ್ತು. ಕಮಾಂಡಿನ ಕೊನೆಯಲ್ಲಿ ಸೆಮಿಕೋಲನ್ ಹಾಕಿಲ್ಲವೆಂದು ಹೊಳೆಯುವ ಹೊತ್ತಿಗೆ ಚಿಂತಾಮಣಿಯವಳು ಮತ್ತೆ ಫೋನ್ ಮಾಡಿದ್ದಳು. ಆಮೇಲೆ ಉತ್ತರ ಬಂತು, ಆದರೆ ಸಾಲುಗಳೆಲ್ಲ ಒಂದರ ಮೇಲೊಂದು ಮಡಚಿಕೊಂಡು ಕಲಸಿಹೋಗಿದ್ದವು. ಬೇಕಾದ ಕಾಲಮ್ಮುಗಳನ್ನಷ್ಟೇ ಹೆಸರಿಸಿ ಮತ್ತೆ ಕೇಳಿದೆ.

ಈ ಸಲ ಸ್ಪಷ್ಟವಾಗಿ ಕಂಡಿತು. ಚಿಂತಾಮಣಿ, ಶಿಡ್ಲಘಟ್ಟ, ನಮ್ಮದೇ ಲ್ಯಾಬು, ಎಲ್ಲರೂ ಒಂದೇ ಒಂದು ಸೆಷನ್, ಅಂದರೆ ಯಾರೋ ಡೇಟಾಬೇಸಿಗೆ ತೆರೆದಿಟ್ಟಿದ್ದ ಒಂದು ಸಂಪರ್ಕ, ಮುಗಿಯಲೆಂದು ಕಾಯುತ್ತಿದ್ದರು. ಅದರ ಎದುರಿಗಿದ್ದದ್ದು ಆತನ ಹೆಸರು. ಗೌರಿಬಿದನೂರಿನಿಂದ ಕಪ್ಪು ಪರದೆಯಲ್ಲೇ ಲ್ಯಾಬ್ ಟೇಬಲ್ಲಿನಲ್ಲಿ ಏನೋ ಬದಲಾವಣೆ ಶುರು ಮಾಡಿದ್ದ. ಕೆಲಸ ಮುಗಿದ ಮೇಲೆ 'ಕಮಿಟ್' ಎಂದು ಹೊಡೆದು ಖಾತ್ರಿಪಡಿಸಬೇಕು. ಅಲ್ಲಿಯವರೆಗೆ ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಕಮಿಟ್ ಮಾಡದೆ ಮಹಾರಾಯ ಇಡ್ಲಿ ತಿನ್ನಲು ಎದ್ದುಹೋಗಿದ್ದ.

ಇನ್ನೊಮ್ಮೆ ಫೋನ್ ಮಾಡಿದೆ. ಎತ್ತಲಿಲ್ಲ. ಆತನ ಸೆಷನ್ ಕೊಲ್ಲುವ ಕಮಾಂಡು ಹೊಡೆದೆ. ಹೊಡೆಯುವಾಗ ನನಗೆ ಖುಷಿಯಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕಾಯುತ್ತಿದ್ದ ಸಾಲುಗಳೆಲ್ಲ ಮಾಯವಾದವು. "ಆಯ್ತು ಮೇಡಂ, ಆಯ್ತು!" ಎಂದು ಚಿಂತಾಮಣಿಯವಳು ಕೂಗಿದಳು. ಆತ ಬೆಳಗಿನಿಂದ ಮಾಡಿದ್ದ ಬದಲಾವಣೆಗಳೂ ಅದರ ಜೊತೆಗೇ ಅಳಿಸಿಹೋದವು.

ಮಧ್ಯಾಹ್ನಕ್ಕೆ ಆತ ಚಿಕ್ಕಬಳ್ಳಾಪುರಕ್ಕೇ ಬಂದ, ನೇರ ಮ್ಯಾನೇಜರ್ ಕೋಣೆಗೆ. ನನ್ನನ್ನೂ ಕರೆಸಿದರು.

"ಯಾರ್ ಹೇಳಿದ್ದು ನಿಂಗೆ, ನನ್ ಸೆಷನ್ ಕೊಲ್ಲು ಅಂತ?"

"ಫೋನ್ ಮಾಡ್ದೆ. ನೀವೇ ಎತ್ತಲಿಲ್ಲ."

"ಬೆಳಗ್ಗಿಂದ ಮಾಡಿದ್ ಕೆಲಸ ಎಲ್ಲಾ ಹೋಯ್ತು ಕಣಮ್ಮ! ಎರಡು ಕಮಾಂಡ್ ಹೊಡೆದಾಕ್ಷಣ ದೊಡ್ ಅಡ್ಮಿನ್ ಆಗ್ಬಿಟ್ಟ್ಯಾ?"

"ಕಮಿಟ್ ಮಾಡ್ದೆ ತಿಂಡಿಗೆ ಎದ್ದು ಹೋಗೋರು ಯಾವ್ ದೊಡ್ ಅಡ್ಮಿನ್ನು?"

ಆತನ ಮುಖ ಕಪ್ಪಿಟ್ಟಿತು. ತೆಲುಗಿನಲ್ಲಿ ಏನೋ ಗೊಣಗಿದ. ನನಗೆ ತೆಲುಗು ಬರುತ್ತದೆಂದು ಆತನಿಗೆ ಗೊತ್ತಿರಲಿಲ್ಲ. "ಅದನ್ನ ಕನ್ನಡದಲ್ಲಿ ಮ್ಯಾನೇಜರ್ ಸಾರ್‌ಗೂ ಹೇಳಿ, ಕೇಳಿಸ್ಕೊಳ್ಲಿ," ಅಂದೆ.

ಮ್ಯಾನೇಜರ್ ಹಣೆ ಒತ್ತಿಕೊಂಡರು. "ಇಬ್ರೂ ಆಚೆ ಹೋಗಿ ಜಗಳ ಆಡ್ರಪ್ಪ. ನಂಗೆ ರಿಪೋರ್ಟು ಬಂದ್ರೆ ಸಾಕು."

ಮರುದಿನ ಅವರಿಂದ ಒಂದು ಮೇಲ್ ಬಂತು. ಯಾರೂ ಕೆಲಸವನ್ನು ಅರ್ಧಕ್ಕೆ ತೆರೆದಿಟ್ಟು ಹೋಗಬಾರದು ಎಂದಿತ್ತು. ಯಾರು ಹೋಗಿದ್ದರು ಎಂದಿರಲಿಲ್ಲ. ಟೂಲಿನ ನಿಷೇಧ ಹಾಗೇ ಉಳಿಯಿತು. ಅದು ನನ್ನನ್ನು ಉರಿಸಿದಷ್ಟು ಮೌಸಮ್ಮ ಎಂಬ ಹೆಸರೂ ಉರಿಸಿರಲಿಲ್ಲ.

ಆಮೇಲೆ ಕಮಾಂಡುಗಳನ್ನು ಕಲಿತೆ. ಜ್ಞಾನದ ಹಸಿವಿನಿಂದ ಕಲಿತೆ ಎಂದರೆ ಸುಳ್ಳಾದೀತು, ದ್ವೇಷದಿಂದಲೇ ಕಲಿತೆ. ಬಸ್ಸಿನಲ್ಲಿ ಮೊಬೈಲು ಹಿಡಿದು ಓದುತ್ತಿದ್ದೆ. ಕಲಿತ ಮೇಲೆ ಕೆಲವನ್ನು ಒಪ್ಪಿಕೊಳ್ಳಬೇಕಾಯಿತು. ಇಂಟರ್ನೆಟ್ ಕುಂಟುವಾಗ ಟೂಲ್ ತೆರೆದುಕೊಳ್ಳುವಷ್ಟರಲ್ಲಿ ಕಮಾಂಡು ಕೆಲಸ ಮುಗಿಸಿರುತ್ತದೆ. ನಾಲ್ಕು ಶಾಖೆಗೂ ಒಂದೇ ಕೆಲಸ ಮಾಡುವಾಗ ನಾಲ್ಕು ಸಲ ಕ್ಲಿಕ್ಕಿಸುವುದು ದಡ್ಡತನ. ನನ್ನ ಕೋರ್ಸಿನವರು ಇದರಲ್ಲಿ ಒಂದನ್ನೂ ಹೇಳಿಕೊಟ್ಟಿರಲಿಲ್ಲ, ಅವರ ಮೇಲೂ ನನಗೆ ಸಿಟ್ಟಿದೆ. ಆದರೆ ಟೂಲ್ ತಾನಾಗಿಯೇ ಬಣ್ಣದಲ್ಲಿ ತೋರಿಸುವುದನ್ನು ಕಪ್ಪು ಪರದೆ ಕೇಳಿದರೆ ಮಾತ್ರ ಹೇಳುತ್ತದೆ. ತನ್ನಿಂದ ಯಾರಿಗಾದರೂ ಅಡ್ಡಿಯಾಗಿದೆಯೇ ಎಂದು ಆ ಸೋಮವಾರ ಆತ ಕೇಳಿರಲಿಲ್ಲ.

ಒಂದು ದಿನ ನಾನು ಉದ್ದದ ಕಮಾಂಡೊಂದನ್ನು ಬರೆಯುತ್ತಿದ್ದೆ. ಆತ ಹಿಂದಿನಿಂದ ಬಗ್ಗಿ ನೋಡಿದ. "ಅದಕ್ಕೆ ಇನ್ನೂ ಸುಲಭದ ದಾರಿ ಐತೆ. ತೋರಿಸ್ಲಾ?" ದನಿಯಲ್ಲಿ ಕುಹಕವಿರಲಿಲ್ಲ. ಮೌಸಮ್ಮ ಎಂದೂ ಅನ್ನಲಿಲ್ಲ.

"ಬೇಕಾಗಿಲ್ಲ," ಅಂದೆ, ಮತ್ತು ಕಿಟಕಿ ಮುಚ್ಚಿದೆ.

ಆತ ತನ್ನ ಕುರ್ಚಿಗೆ ಹೋದ. ಅದಾದ ಮೇಲೆ ಒಂದೇ ಕೋಣೆಯಲ್ಲಿ ಕೂತು ಮೆಸೇಜಿನಲ್ಲೇ ಮಾತಾಡಿದೆವು. ಆತ ಕೆಲಸ ಬಿಟ್ಟು ಹೋಗುವವರೆಗೂ ಹಾಗೇ. ಆತನ ಬೀಳ್ಕೊಡುಗೆಯ ದಿನ ಕೆಳಗಿನ ಹಾಲಿನಲ್ಲಿ ಕೇಕು ಕತ್ತರಿಸಿದರು. ನರ್ಸೊಬ್ಬಳು ಬಂದು, "ಬನ್ನಿ ಮೇಡಂ, ಎಲ್ರೂ ಕಾಯ್ತಾವ್ರೆ," ಎಂದು ಕರೆದಳು. ಕೆಲಸವಿದೆ ಎಂದೆ. ಇರಲಿಲ್ಲ. ಕೆಳಗೆ ಚಪ್ಪಾಳೆ ನಿಂತ ಮೇಲೆ ಮ್ಯಾನೇಜರಿಗೆ ಮೇಲ್ ಬರೆದೆ: ಗ್ರಾಫಿಕಲ್ ಟೂಲ್ ನನ್ನ ಕಂಪ್ಯೂಟರಿಗೆ ಮತ್ತೆ ಹಾಕಿಸಿಕೊಡಿ.