ಇಸ್ತ್ರಿ ಹಾಕಿದ ಅಲೆ

ನೆರೆ ಮುನ್ಸೂಚನೆಯ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಆ ಲೆಕ್ಕಿಗನನ್ನು ಜೊತೆಯವರು 'ಇಸ್ತ್ರಿ' ಎಂದೇ ಕರೆಯುತ್ತಿದ್ದರು. ನದಿಯನ್ನು ಸಾವಿರ ತುಂಡುಗಳಾಗಿ ಭಾವಿಸಿ, ಒಂದರಿಂದ ಹೊರಟ ನೀರು ಹನಿ ತಪ್ಪದೆ ಮುಂದಿನದಕ್ಕೆ ಸಲ್ಲುವಂತೆ ಕಂಪ್ಯೂಟರಿನಲ್ಲಿ ಕ್ಷಣಕ್ಷಣದ ಲೆಕ್ಕ ನಡೆಸುವುದು ಅವನ ಕಸುಬು. ನೀರು ಗೋಡೆಯಂತೆ ನುಗ್ಗುವೆಡೆಯಲ್ಲಿ ಲೆಕ್ಕ ಹದ ತಪ್ಪಿ, ಪರದೆಯಲ್ಲಿ ನೀರಿನ ಮಟ್ಟ ತೋರಿಸುವ ಗೆರೆಯ ಮೇಲೆ ಹುಸಿ ಏರಿಳಿತಗಳು ಮುಳ್ಳಿನಂತೆ ಏಳುತ್ತಿದ್ದವು. ಅವನಿಗೆ ಅದು ಸೇರದು. ಪ್ರತಿ ತುಂಡಿನ ಮಟ್ಟವನ್ನು ಅಕ್ಕಪಕ್ಕದವುಗಳೊಡನೆ ತುಸು ಬೆರೆಸಿ ಮುಳ್ಳುಗಳನ್ನು ಸವರಿಬಿಡುವನು. ಗೋಡೆ ಇಳಿಜಾರಾಗುತ್ತಿತ್ತು; ಚಿತ್ರ ಕಣ್ಣಿಗೆ ತಂಪಾಗುತ್ತಿತ್ತು.

ಕೆಳಗಿನ ಸೇತುವೆಯ ಬಳಿ, ಮೆಟ್ಟಿಲ ಬುಡದ ಅಳತೆಪಟ್ಟಿಯಲ್ಲಿ ನದಿಯ ಮಟ್ಟ ಓದುವವನು ಅವನ ಒಡಹುಟ್ಟಿದ ತಮ್ಮ. ಅವನಿಗೆ ಅಂಕಿ ಕಲಿಸಿದವನೂ ಈ ಅಣ್ಣನೇ.

ಮೇಲಿನ ಜಲಾಶಯದ ಕಟ್ಟೆ ಒಡೆದ ಮಧ್ಯಾಹ್ನ, ಜನರೆಲ್ಲ ಆಗಲೇ ದಿಬ್ಬ ಸೇರಿದ್ದರು. ಸೇತುವೆಯಲ್ಲಿ ಮೂರಕ್ಕೆ ನೀರು ಏರತೊಡಗಿ ಐದಕ್ಕೆ ತುಂಬುವುದೆಂದು ಲೆಕ್ಕ ಹೇಳಿತ್ತು. ಮೂರೂವರೆಗೆ ತಮ್ಮನ ಫೋನು ಬಂದಿತು.

"ಅಣ್ಣಾ, ನಿನ್ನ ನೀರಿಗೆ ದಾರೀಲಿ ನಿದ್ದೆ ಬಂತೇನೋ! ಒಂದು ಬೆರಳೂ ಏರಿಲ್ಲ."

"ಏರ್ಲೇಬೇಕು ಕಣೋ. ಮೇಲಿಂದ ನೋಡಿದ್ರೆ ಏನ್ ಕಾಣತ್ತೆ? ಮೆಟ್ಟಿಲಿಳಿದು ಸರಿಯಾಗಿ ಓದು. ತುಂಬೋಕೆ ಇನ್ನೂ ಒಂದೂವರೆ ಗಂಟೆ ಇದೆ."

"ಸರಿಯಪ್ಪಾ, ಇಸ್ತ್ರಿ ಸಾಹೇಬ್ರ ಅಪ್ಪಣೆ!"

ಮೂರು ಐವತ್ತಕ್ಕೆ ನೀರು ಬಂದಿತು. ಏರುತ್ತ ಬರಲಿಲ್ಲ, ಎರಡಾಳೆತ್ತರಕ್ಕೆ, ಒಮ್ಮೆಗೇ. ತಮ್ಮ ಕೆಳಗಿನ ಮೆಟ್ಟಿಲಲ್ಲಿದ್ದನು.

ಸಾವಿನ ವಿಚಾರಣೆಯವರು ಲೆಕ್ಕಿಗನಲ್ಲಿ ತಪ್ಪು ಕಾಣಲಿಲ್ಲ; ನೀರಿನ ಮೊತ್ತ ಸರಿಯಿತ್ತು, ತುಂಬಿದ ಎತ್ತರವೂ ಸರಿಯಿತ್ತು. ಅವನಿಗೆ ಮಾತ್ರ ಊಟ ರುಚಿಸಲಿಲ್ಲ. ತುಂಡುಗಳನ್ನು ಇನ್ನೂ ಸಣ್ಣಗೆ ಮಾಡಿ, ಮುಳ್ಳೇಳುವಲ್ಲಿ ಮಾತ್ರ ಬೇಕಾದಷ್ಟೇ ಬೆರೆಸಿ, ಅದೇ ಲೆಕ್ಕವನ್ನು ಮತ್ತೆ ನಡೆಸಿದನು. ಗೆರೆಯು ಮೂರು ಐವತ್ತರಲ್ಲಿ ನೆಟ್ಟಗೆ ನಿಂತಿತು. ಮೂರು ಗಂಟೆಯ ಆ ಮೊದಲ ನೀರು ನದಿಯಲ್ಲಿ ಎಂದೂ ಇರಲೇ ಇಲ್ಲ. ಅದು ತನ್ನ ಸವರುವಿಕೆಯಿಂದ ಲೆಕ್ಕದಲ್ಲಿ ಮುಂದಕ್ಕೆ ಜಿನುಗಿದ್ದು. ಭಗವಂತನು ಕಡಿದಾಗಿ ಕಳುಹಿದ್ದನ್ನು ತಾನು ನಯವಾಗಿ ತೋರಿಸಿದ್ದೆನೆಂದು ಅವನು ತಲೆತಗ್ಗಿಸಿ ಕುಳಿತನು.

ಎರಡೂ ಚಿತ್ರಗಳನ್ನು ಒಯ್ದು ತಮ್ಮನ ಹೆಂಡತಿಯ ಮುಂದಿಟ್ಟನು.

"ಬರೋ ನೀರಿಗೆ ಅಂಚಿತ್ತಮ್ಮ. ಚಂದ ಕಾಣ್ಲಿ ಅಂತ ನಾನು ಸವರಿದೆ. ಮೆಟ್ಟಿಲಿಳಿ ಅಂದವನೂ ನಾನೇ."

ಅವಳು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. "ಭಾವ, ಅಣ್ಣ ಹೇಳಿದ ಮೇಲೆ ಮುಗೀತು ಅಂತಿದ್ರು ಇವ್ರು, ಯಾವಾಗ್ಲೂ," ಎಂದಳು. ಆಮೇಲೆ ನುಣುಪಾದ ಚಿತ್ರವನ್ನು ನಾಲ್ಕು ಮಡಿಕೆ ಮಾಡಿ ಅವನ ಕೈಗೇ ಹಿಂದಿರುಗಿಸಿದಳು.