ಕೆನ್ನೆಗೂ ಕೈಗೂ ನಡುವೆ ಒಂದು ಬ್ರಶ್ಶು

ನನ್ನ ಮೊಮ್ಮಗಳು ತನ್ನ ಮುಖವನ್ನು ನನ್ನ ಕೈಗೆ ಕೊಟ್ಟಳು. ಮೊನ್ನೆ ಉತ್ತರಾಯಣದ ದಿನ, ಅಹಮದಾಬಾದಿನಲ್ಲಿ, ಬಿಸಿಲ ಮಧ್ಯಾಹ್ನದಲ್ಲಿ, ಎಲ್ಲರ ಎದುರಿಗೆ. ಹಣೆ, ಎರಡೂ ಕೆನ್ನೆ, ಮೂಗು, ಗದ್ದ, ಕಿವಿಯ ಹಿಂದಿನ ಮೆತ್ತನೆಯ ಜಾಗ, ಎಲ್ಲವನ್ನೂ ಬರಿಗೈಯಿಂದ ಮುಟ್ಟಿದೆ. ಅಜ್ಜಿಯಾದವಳು ಮೊಮ್ಮಗಳ ಕೆನ್ನೆ ಮುಟ್ಟುವುದೂ ಒಂದು ಸುದ್ದಿಯೇ ಎಂದು ಕೇಳುವವರು ಕೇಳಲಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ನನಗೆ ತಿಳಿಯದು. ಹೊಟ್ಟೆಯಲ್ಲಿ ಹಿಡಿಸದೆ ಹೊರಗೆ ಬರುತ್ತಿದೆ, ಬರೆಯುತ್ತಿದ್ದೇನೆ.

ನಮ್ಮದು ಹಾವೇರಿ ಕಡೆ. ನಮ್ಮ ಮನೆಯವರು ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದರು. ವರ್ಗವಾಗಿ ವಡೋದರಾಕ್ಕೆ ಬಂದವರು ನಿವೃತ್ತಿಯಾದ ಮೇಲೂ ಅಲ್ಲೇ ಉಳಿದೆವು. ಮಗ ಅಹಮದಾಬಾದಿನ ಹೊರಬಡಾವಣೆ ಬೋಪಾಲ್‌ನಲ್ಲಿ ಇದ್ದಾನೆ, ಬ್ಯಾಂಕಿನ ಕೆಲಸ. ಸೊಸೆ ಗುಜರಾತಿನವಳೇ, ತವರುಮನೆ ಸೂರತ್ತಿನ ಅಡಾಜಣ್. ಒಂದೇ ರೈಲು ದಾರಿಯ ಮೇಲೆ ಮೂರು ಮನೆ, ನಡುವಿನ ಸ್ಟೇಶನ್ ನಮ್ಮದು. ಶನಿವಾರ ಬಂತೆಂದರೆ ನಾನು ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿಟ್ಟು ಅಹಮದಾಬಾದಿನ ಮುಂಜಾನೆಯ ಗಾಡಿಗೆ ತಯಾರಾಗಿ ಕೂತಿರುತ್ತೇನೆ.

ಮೊಮ್ಮಗಳು ಹುಟ್ಟಿ ಕೆಲವು ತಿಂಗಳಿಗೇ ಅವಳ ಮುಖಕ್ಕೆ ಇಸಬು ಎದ್ದಿತು. ಹಾಲಿನ ಕೆನೆಯಂಥ ಕೆನ್ನೆ ಬಿರಿದು ನೀರು ಒಸರುತ್ತಿತ್ತು. ಸೊಸೆಯ ರಜೆ ಮುಗಿದಿತ್ತು, ಹೀಗಾಗಿ ನಾನೇ ಹೋಗಿ ಬೋಪಾಲ್‌ನಲ್ಲಿ ಉಳಿದೆ. ಡಾಕ್ಟರು ಮುಲಾಮು ಬರೆದುಕೊಟ್ಟಿದ್ದರು, ತಪ್ಪದೆ ಹಚ್ಚಬೇಕು ಅಂದಿದ್ದರು. ಎಣ್ಣೆನೀರು ಎರೆಯುವಾಗ ಕೂರುವ ಹಾಗೆ ಕಾಲು ನೀಡಿ ಕೂತು, ಕೂಸನ್ನು ಮೊಳಕಾಲ ಮೇಲೆ ಮಲಗಿಸಿಕೊಂಡು ಹಚ್ಚುತ್ತಿದ್ದೆ. ಮುಲಾಮು ಉರಿಯುತ್ತಿತ್ತು. ಕೂಸು ಅತ್ತು ಅತ್ತು ಉಸಿರು ಕಟ್ಟುತ್ತಿತ್ತು, ಹಚ್ಚುತ್ತಾ ನಾನೂ ಅಳುತ್ತಿದ್ದೆ. ಇಸಬು ಹೋಯಿತು, ಕಲೆ ಕೂಡ ಉಳಿಯಲಿಲ್ಲ. ಆದರೆ ಆ ಉರಿ ಯಾವ ಕೈಯಿಂದ ಬಂತು ಎಂಬುದು ಅದರ ಜೀವಕ್ಕೆ ನೆನಪಿತ್ತು.

ನಡೆಯಲು ಕಲಿತ ಮೇಲೆ ಓಡಿ ಬಂದು ತೊಡೆಯ ಮೇಲೆ ಕೂರುತ್ತಿದ್ದಳು. ಬೆನ್ನು ಸವರಿದರೆ ಸುಮ್ಮನಿರುತ್ತಿದ್ದಳು, ಜಡೆ ಹಾಕಿಸಿಕೊಳ್ಳುತ್ತಿದ್ದಳು. ನನ್ನ ಕೈ ಮುಖದ ಕಡೆಗೆ ಬಂದರೆ ಮಾತ್ರ ಕತ್ತು ಅತ್ತ ತಿರುಗಿಬಿಡುತ್ತಿತ್ತು. ಅಳುವುದಿಲ್ಲ, ಬೈಯುವುದಿಲ್ಲ. ಗಾಳಿಗೆ ಎಲೆ ತಿರುಗಿದ ಹಾಗೆ ತಿರುಗುವುದು ಅಷ್ಟೆ. ಬೇರೆಯವರ ಕೈಗೆ ಹೀಗೆ ಮಾಡುತ್ತಿರಲಿಲ್ಲ. ಸೂರತ್ತಿನಿಂದ ಬೀಗಿತ್ತಿ ಬಂದರೆ "ದಿಕರಾ, ದಿಕರಾ" ಕಂದಾ ಕಂದಾ ಎನ್ನುತ್ತಾ ಎರಡೂ ಕೈಯಲ್ಲಿ ಅವಳ ಮುಖ ಹಿಡಿದು ಲೊಚಲೊಚ ಮುತ್ತಿಡುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆಯುತ್ತಿದ್ದೆ.

ಮಗನಿಗೆ ಇದು ತಿಳಿಯುತ್ತಿತ್ತು. ಒಂದು ಸಲ ಅವಳನ್ನು ಹಿಡಿದು ನಿಲ್ಲಿಸಿ, ಅಜ್ಜಿಗೆ ಮುದ್ದು ಕೊಡು ಎಂದು ಗದರಿದ. ನನಗೇ ತಡೆಯಲಾಗಲಿಲ್ಲ.

"ಬ್ಯಾಡೋ, ಬಿಡು ಅಕೀನ್ನ. ಕೊಡೋದಿದ್ರ ತಾನಽ ಕೊಡಲಿ" ಅಂದೆ.

ಹಾಗೆ ಅಂದವಳು ವಡೋದರಾಕ್ಕೆ ವಾಪಸು ಬರುವಾಗ ಎದುರು ಸೀಟಿನ ಯಾರದೋ ಕೂಸಿನ ಕೆನ್ನೆಯನ್ನೇ ನೋಡುತ್ತಾ ಬಂದೆ. ಅದರ ತಾಯಿ ಸೆರಗು ಎಳೆದು ಕೂಸಿನ ಮುಖ ಮುಚ್ಚಿದಳು. ದೃಷ್ಟಿಯಾದೀತು ಅಂದುಕೊಂಡಿರಬೇಕು, ಪಾಪ.

ವಾರದ ದಿನಗಳಲ್ಲಿ ವೀಡಿಯೊ ಕಾಲ್. ಫೋನಿನ ತುಂಬ ಅವಳ ಮುಖ ಬಂದಾಗ ನನ್ನ ಬೆರಳು ತಾನಾಗಿ ಹೋಗಿ ಗಾಜನ್ನು ಸವರುತ್ತಿತ್ತು. ಎಲ್ಲೋ ಒತ್ತಿ ಕಾಲ್ ಕಟ್ಟಾಗುತ್ತಿತ್ತು. ಎಷ್ಟು ಸಲ ಹೀಗೆ ಮಾಡಿದ್ದೇನೋ. "ಅದು ಗಾಜು, ಅದರ ಗಲ್ಲ ಏನ ಸವರತಿ? ಕೂಸಿನ ಜೋಡಿ ಎರಡು ಮಾತರ ಆಡಾಕ ಬಿಡು" ಎಂದು ನಮ್ಮ ಮನೆಯವರು ಫೋನನ್ನು ಕಸಿದುಕೊಂಡು ತಮ್ಮ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಬ್ರಶ್ಶು ಬಂತು. ಅವಳ ಚರ್ಮ ಸೂಕ್ಷ್ಮ, ಬಿಸಿಲಿಗೆ ಬಿಡುವ ಮೊದಲು ಕ್ರೀಮು ಹಚ್ಚಲೇಬೇಕು ಎಂದು ಡಾಕ್ಟರು ಹೇಳಿದ್ದರು. ಅಹಮದಾಬಾದಿನ ಬಿಸಿಲೆಂದರೆ ಕೇಳಬೇಕೆ. ಆದರೆ ಈ ಹುಡುಗಿಗೆ ಜಿಗುಟು ಎಂದರೆ ಆಗದು. ತನ್ನ ಕೈಯಿಂದ ಹಚ್ಚಿಕೊಳ್ಳಲೂ ಒಲ್ಲಳು, ತಾಯಿ ಹಚ್ಚಲು ಹೋದರೂ ದಿನವೂ ಜಗಳ. ಯಾರೋ ತಾಯಂದಿರು ಬ್ರಶ್ಶಿನಿಂದ ಹಚ್ಚುತ್ತಾರೆಂದು ಫೋನಿನಲ್ಲಿ ನೋಡಿ ಸೊಸೆ ತರಿಸಿದಳು. ಬೆರಳುದ್ದದ ಹಿಡಿಕೆ, ಅದರ ತುದಿಗೆ ಒತ್ತಾದ ಕೂದಲಿನ ದುಂಡನೆಯ ಗೊಂಡೆ, ಅಳಿಲಿನ ಬಾಲದಷ್ಟು ಮೆತ್ತಗೆ. ಕ್ರೀಮನ್ನು ಮೊದಲು ನಮ್ಮ ಹಿಂಗೈ ಮೇಲೆ ಹಿಂಡಿಕೊಂಡು, ಅದರಿಂದ ಬ್ರಶ್ಶಿಗೆ ತೆಗೆದುಕೊಂಡು, ಮುಖಕ್ಕೆ ಅಲ್ಲಲ್ಲಿ ಬೊಟ್ಟಿಟ್ಟು ಸಣ್ಣ ಸಣ್ಣ ಸುತ್ತು ಹಾಕುತ್ತಾ ಹರಡಬೇಕು. ಮೊದಲ ದಿನ ಮೊಮ್ಮಗಳು ಕಿಸಿಕಿಸಿ ನಕ್ಕಳಂತೆ. ಜಗಳ ಅಲ್ಲಿಗೆ ಮುಗಿಯಿತು.

ಆ ಶನಿವಾರ ನಾನು ಹೋದಾಗ ಸೊಸೆ ಚಹಾ ಸೋಸುತ್ತಿದ್ದವಳು ಬ್ರಶ್ಶನ್ನು ನನ್ನ ಕೈಗೆ ಕೊಟ್ಟು, "ಮಮ್ಮಿ, ಆಜೆ ತಮೆ ಲಗಾಡೋ" ಅಂದಳು, ಇವತ್ತು ನೀವು ಹಚ್ಚಿ ಎಂದು. ಬೇಕೆಂತಲೇ ಕೊಟ್ಟಳು. ಅವಳ ಬಾಯಲ್ಲಿ ಇಂಥದು ಹೊರಗೆ ಬರುವುದಿಲ್ಲ, ಕೈಯಲ್ಲಿ ಬರುತ್ತದೆ. ನಾನು ಹೆದರುತ್ತಾ ಬ್ರಶ್ಶನ್ನು ಕೂಸಿನ ಕೆನ್ನೆಗೆ ತಾಗಿಸಿದೆ. ಕತ್ತು ತಿರುಗಲಿಲ್ಲ.

ಅಂದಿನಿಂದ ಶನಿವಾರ ಭಾನುವಾರ ಆ ಕೆಲಸ ನನ್ನದು. ಪಾರ್ಕಿಗೆ ಹೊರಡುವ ಮೊದಲು ಅವಳು ಸ್ಟೂಲಿನ ಮೇಲೆ ನಿಂತು ಮುಖ ಮುಂದೆ ಮಾಡುತ್ತಿದ್ದಳು. ಕೆನ್ನೆ ಎಲ್ಲಿ ಉಬ್ಬುತ್ತದೆ, ಗದ್ದ ಎಲ್ಲಿ ತಗ್ಗುತ್ತದೆ ಎಂಬುದೆಲ್ಲ ಆ ಕೂದಲಿನ ಗೊಂಡೆಯಿಂದ ನನ್ನ ಬೆರಳಿಗೆ ತಿಳಿಯುತ್ತಿತ್ತು. ಕುರುಡರು ಕೋಲಿನಿಂದ ದಾರಿ ತಿಳಿಯುವ ಹಾಗೆ. ಅದೂ ಸುಖವೇ. ಆದರೆ ಬೆಚ್ಚಗಿದೆಯೋ ತಣ್ಣಗಿದೆಯೋ ಬ್ರಶ್ಶು ಹೇಳುವುದಿಲ್ಲ. ಆ ಬೆರಳುದ್ದದ ಹಿಡಿಕೆ ನನಗೆ ಒಂದೊಂದು ಸಲ ವಡೋದರಾದಿಂದ ಅಹಮದಾಬಾದಿನವರೆಗಿನಷ್ಟು ಉದ್ದ ಕಾಣುತ್ತಿತ್ತು. ಒಮ್ಮೆ ಬ್ರಶ್ಶನ್ನು ತೊಳೆದು ಒಣಗಿಸುವಾಗ, ಇದು ಅವಳಿಗೆ ಹೇಗೆ ಅನಿಸುತ್ತದೋ ನೋಡೋಣವೆಂದು ನನ್ನ ಕೆನ್ನೆಗೇ ಸವರಿಕೊಂಡೆ. ಆ ವಾರ ಜೊತೆಗೆ ಬಂದಿದ್ದ ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ಯಾರ ಮದಿವಿಗೆ ಹೊಂಟೀರಿ ಬಾಯಿಯವರು?" ಅಂದರು. ಬ್ರಶ್ಶನ್ನು ತಲೆಕೆಳಗಾಗಿ ತೂಗುಹಾಕಿದೆ.

ಇನ್ನು ಮೊನ್ನೆಯ ಮಾತು. ನಮಗೆ ಸಂಕ್ರಾಂತಿ, ಇಲ್ಲಿಯವರಿಗೆ ಉತ್ತರಾಯಣ. ಆ ದಿನ ಈ ಊರುಗಳಲ್ಲಿ ಮನೆಯೊಳಗೆ ಯಾರೂ ಇರುವುದಿಲ್ಲ, ಎಲ್ಲರೂ ಮಾಳಿಗೆಯ ಮೇಲೆ ಗಾಳಿಪಟದ ಹಿಂದೆ. ನಾವಿಬ್ಬರೂ ಹಿಂದಿನ ದಿನವೇ ಹೋಗಿದ್ದೆವು. ಬೀಗರು ಗಂಡಹೆಂಡತಿಯೂ ಸೂರತ್ತಿನಿಂದ ಅವರೆಕಾಯಿ, ಗೆಣಸು, ಹಸಿ ಬೆಳ್ಳುಳ್ಳಿಯ ಚೀಲ ಹೊತ್ತುಕೊಂಡು ಬಂದಿದ್ದರು. ಬೆಳಿಗ್ಗೆ ನಾನು ಮೊಮ್ಮಗಳಿಗೆ ಬ್ರಶ್ಶಿನಿಂದ ಕ್ರೀಮು ಹಚ್ಚಿ ಮಾಳಿಗೆಗೆ ಕರೆದೊಯ್ದೆ. ಮಧ್ಯಾಹ್ನ ಮತ್ತೆ ಹಚ್ಚಬೇಕೆಂದು ಕ್ರೀಮಿನ ಟ್ಯೂಬು, ಬ್ರಶ್ಶು ಎರಡನ್ನೂ ಸೊಸೆ ಮೇಲೆಯೇ ತಂದಿಟ್ಟಿದ್ದಳು.

ನಾವು ಯಾರೂ ನೋಡದಾಗ ಮೊಮ್ಮಗಳು ಒಂದು ಮೂಲೆಯಲ್ಲಿ ಕೂತು ತನ್ನ ಗಾಳಿಪಟಕ್ಕೆ ಕ್ರೀಮು ಹಚ್ಚಿದ್ದಳು. ಅದು ಸೂರ್ಯನ ಹತ್ತಿರ ಹೋಗುತ್ತದಲ್ಲ, ಸುಟ್ಟುಹೋಗುವುದಿಲ್ಲವೇ ಎಂದು ತಾಯಿಯನ್ನೇ ಕೇಳಿದಳು. ಕಾಗದ ನೆನೆದು ಹರಿದಿತ್ತು. ಬ್ರಶ್ಶು ಮಾಳಿಗೆಯ ಧೂಳಿನಲ್ಲಿ ಉರುಳಿ, ಕೂದಲಿನ ತುಂಬ ಮಣ್ಣು, ಮಾಂಜಾ ದಾರದಿಂದ ಉದುರಿದ ಗಾಜಿನ ಪುಡಿ. ನಾನು ಕೈಗೆತ್ತಿಕೊಂಡು ನೋಡಿ, ಇದನ್ನು ತೊಳೆದರೂ ಮುಖಕ್ಕೆ ತಾಗಿಸುವಂತಿಲ್ಲ ಅಂದೆ.

ಬಿಸಿಲು ನೆತ್ತಿಗೆ ಬಂದಿತ್ತು. ಕ್ರೀಮಿಲ್ಲದಿದ್ದರೆ ಮಾಳಿಗೆಯಿಲ್ಲ, ಕೆಳಗೆ ನಡೆ ಎಂದು ಸೊಸೆ ಕಡ್ಡಿ ಮುರಿದ ಹಾಗೆ ಹೇಳಿದಳು. ಮೊಮ್ಮಗಳು, ಕ್ರೀಮು ಹಚ್ಚಲು ಯಾರ ಕೈ ಆದೀತೆಂದು ಒಬ್ಬೊಬ್ಬರ ಬಳಿಗೂ ಹೋಗಿ ಕೈ ನೋಡತೊಡಗಿದಳು. ಅಪ್ಪನ ಬೆರಳಿಗೆ ದಾರ ಕೊಯ್ಯದಿರಲೆಂದು ಒರಟು ಬಟ್ಟೆಯ ಟೇಪು ಸುತ್ತಿತ್ತು. ಅಮ್ಮನ ಬೆರಳಿಗೂ ಟೇಪು. ಸೂರತ್ತಿನ ಅಜ್ಜನಿಗೆ ಹತ್ತು ಬೆರಳಿಗೂ ಟೇಪು. ಸೂರತ್ತಿನ ಅಜ್ಜಿ ಕೆಳಗೆ ಒಲೆಯ ಮುಂದೆ. ನಮ್ಮ ಮನೆಯವರ ಕೈಗೆ ಗಾಳಿಪಟ ಅಂಟಿಸುವ ಗೋಂದು ಮೆತ್ತಿತ್ತು. ಟೇಪಿಲ್ಲದ, ಗೋಂದಿಲ್ಲದ ಕೈ ದಾರ ಸುತ್ತಿದ ರಾಟೆಯ ಹಿಡಿಕೆ ಹಿಡಿದು ನಿಂತ ನನ್ನದೊಂದೇ.

ನನ್ನ ಎದುರು ಬಂದು ನಿಂತಳು. ನಮ್ಮ ಮನೆಯವರು ಏನೋ ಅನ್ನಲು ಬಾಯಿ ತೆರೆದರು, ನಾನು ಕಣ್ಣಿನಲ್ಲೇ ಸುಮ್ಮನಿರಿಸಿದೆ. ಕರೆಯಲಿಲ್ಲ, ಕೈ ಚಾಚಲಿಲ್ಲ.

"ಹಾಥ್ ಬತಾವೋ" ಅಂದಳು, ಕೈ ತೋರಿಸು ಎಂದು.

ರಾಟೆಯನ್ನು ಕೆಳಗಿಟ್ಟು ಕೈ ಬಿಚ್ಚಿದೆ. ಅಂಗೈ ನಡುವೆ ಒಂದು ಬೆರಳಿಟ್ಟು ನೋಡಿದಳು. ಎಷ್ಟೋ ವರ್ಷ ರೊಟ್ಟಿ ಬಡಿದು ಗಟ್ಟಿಯಾದ ಕೈ. ಅವಳ ಹುಬ್ಬು ಗಂಟಾಯಿತು.

"ಬೆರಳಿನ ಹಿಂದಲ ಬದಿ ಮೆತ್ತಗೈತಿ ನೋಡವಾ. ಅದರಲೆ ಹಚ್ಚಲೇನು?"

ಕನ್ನಡ ಅವಳಿಗೆ ಅಷ್ಟಕ್ಕಷ್ಟೆ, ಆದರೆ ಇದು ತಿಳಿಯಿತು. ಕೈ ತಿರುಗಿಸಿ ನೋಡಿದಳು. ತಾನೇ ಟ್ಯೂಬು ಒತ್ತಿ ನನ್ನ ಬೆರಳುಗಳ ಮೇಲೆ ಕ್ರೀಮು ಹಾಕಿದಳು, ಬೇಕಾದ್ದಕ್ಕಿಂತ ಹೆಚ್ಚೇ. ಕಣ್ಣು ಬಿಗಿಯಾಗಿ ಮುಚ್ಚಿ, ಮುಷ್ಟಿ ಕಟ್ಟಿ ಮುಖ ಮೇಲೆತ್ತಿದಳು. ಸೂಜಿ ಚುಚ್ಚಿಸಿಕೊಳ್ಳಲು ನಿಂತ ಹಾಗೆ.

ಮೊದಲು ಹಣೆಗೆ ಹಚ್ಚಿದೆ. ಆಮೇಲೆ ಎಡಗೆನ್ನೆ. ಬಿಸಿಲಿಗೆ ಬೆಚ್ಚಗಾಗಿತ್ತು, ಕೆನ್ನೆಯ ಸಣ್ಣ ರೋಮ ಬೆರಳಿಗೆ ತಾಗಿತು. ಇಸಬು ಇದ್ದಾಗ ಬಿರಿದಿದ್ದ ಜಾಗ ಅದು, ನನಗೆ ಒಂದೊಂದು ಎಳೆಯೂ ಗೊತ್ತು. ಈಗ ಅಲ್ಲಿ ಏನೂ ಇರಲಿಲ್ಲ, ನುಣುಪು. ಅವಳು ಕಣ್ಣು ಮುಚ್ಚಿಕೊಂಡೇ, ಯಾರಿಗೆಂದೂ ಅಲ್ಲದೆ ಹೇಳಿದಳು:

"ಬಳ್ತು ನಥಿ."

ಉರಿಯುತ್ತಿಲ್ಲ ಎಂದು. ಮುಷ್ಟಿ ಸಡಿಲಾಯಿತು. ನನ್ನ ಕೈ ನಿಂತುಬಿಟ್ಟಿತು. ಅವಳು ಒಂದು ಕಣ್ಣು ತೆರೆದು, "ಬೀಜೀ ಬಾಜು" ಎಂದು ಇನ್ನೊಂದು ಕೆನ್ನೆ ತಿರುಗಿಸಿಕೊಟ್ಟಳು. ಆ ಕೆನ್ನೆ, ಮೂಗು, ಗದ್ದ, ಕಿವಿಯ ಹಿಂದೆ ಹಚ್ಚಿ ಮುಗಿಸುವ ಹೊತ್ತಿಗೆ ಅವಳ ಅಪ್ಪ ಯಾರದೋ ಗಾಳಿಪಟ ಕತ್ತರಿಸಿದ. ಸುತ್ತಲಿನ ಮಾಳಿಗೆಗಳಲ್ಲೆಲ್ಲ ಕೂಗು ಎದ್ದಿತು, ಅವಳು ನನ್ನ ಕೈಯಿಂದ ಜಾರಿ ಓಡಿದಳು. ಸೊಸೆ ಆಕಾಶವನ್ನೇ ನೋಡುತ್ತಿದ್ದಳು. ನೋಡುತ್ತಲೇ ಟೇಪಿನ ಬೆರಳಿನಿಂದ ನನ್ನ ಭುಜ ಒತ್ತಿದಳು.

ರಾತ್ರಿಯೂಟಕ್ಕೆ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತೆವು. ಬೀಗಿತ್ತಿಯವರ ಉಂಧಿಯು ಎಂಬ ಹಬ್ಬದ ಕಾಯಿಪಲ್ಯ, ಜಿಲೇಬಿ. ನನ್ನವು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಮಧ್ಯಾಹ್ನದ ಸಂಗತಿ ಅಷ್ಟರಲ್ಲಿ ಎಲ್ಲರ ಬಾಯಲ್ಲಿ ಎರಡೆರಡು ಸಲ ಹೊರಳಿತ್ತು. ಬೀಗಿತ್ತಿ, ನಸುಕಿನಿಂದ ಕೂತು ಕಾಯಿಪಲ್ಯ ಹೆಚ್ಚಿದವಳು ತಾನು, ಹೊಗಳಿಕೆಯೆಲ್ಲ ಕ್ರೀಮು ಹಚ್ಚಿದವರಿಗೆ ಎಂದು ನನ್ನನ್ನು ಕಾಡಿಸಿದರು. ನಮ್ಮ ಮನೆಯವರು ಗುಜರಾತಿಯಲ್ಲಿ, ಹಾಗಾದರೆ ನಾಳೆಯಿಂದ ನನಗೂ ಹಚ್ಚಲಿ, ಮೂವತ್ತು ವರ್ಷ ರೈಲ್ವೆ ಯಾರ್ಡಿನ ಬಿಸಿಲು ತಿಂದಿದ್ದೇನೆ ಅಂದರು. ಮಗ ನಗುತ್ತಾ ತುತ್ತು ನೆತ್ತಿಗೇರಿಸಿಕೊಂಡ.

ಮೊಮ್ಮಗಳು ನನ್ನ ಪಕ್ಕದಲ್ಲಿ ಕೂತು ಕತ್ತರಿಸಿದ ಗಾಳಿಪಟಗಳ ಕಥೆಯನ್ನು ಅಪ್ಪನಿಗೆ ಹೇಳುತ್ತಿದ್ದಳು. ಜಿಲೇಬಿಯ ಪಾಕ ಗದ್ದಕ್ಕೆ ಇಳಿಯಿತು. ಜಿಗುಟು ತಾಗಿದ ಕೂಡಲೇ, ಕಥೆ ನಿಲ್ಲಿಸದೆ, ನನ್ನ ಕಡೆ ನೋಡದೆ, ಮುಖವನ್ನು ಮಾತ್ರ ನನ್ನತ್ತ ಚಾಚಿದಳು. ನಾನು ಎಡಗೈಯಲ್ಲಿ ಸೆರಗಿನ ತುದಿ ಹಿಡಿದು ಒರೆಸುತ್ತಾ ಹಾಗೇ ಆ ಗದ್ದವನ್ನು ಹಿಡಿದುಕೊಂಡೆ. ಅವಳು ನನ್ನ ಕೈಯಲ್ಲಿ ಮುಖವಿಟ್ಟುಕೊಂಡೇ ಮಾತಾಡುತ್ತಾ ಹೋದಳು, ದವಡೆ ಆಡುವುದೆಲ್ಲ ನನ್ನ ಅಂಗೈಗೆ ತಿಳಿಯುತ್ತಿತ್ತು. ಬೀಗಿತ್ತಿ ಉಂಧಿಯುವಿನ ಪಾತ್ರೆ ತಂದು ನನ್ನ ತಟ್ಟೆಗೆ ದೊಡ್ಡ ಸೌಟು ಬಗ್ಗಿಸಿದರು. ಹೊಟ್ಟೆ ತುಂಬಿತ್ತು, ಸಾಕು ಎಂದು ಕೈ ಅಡ್ಡ ಹಿಡಿಯಬೇಕಿತ್ತು. ಬಲಗೈ ಎಂಜಲು, ಎಡಗೈ ತೆಗೆಯಲು ಮನಸ್ಸು ಬರಲಿಲ್ಲ. ಬಡಿಸಿದ್ದೆಲ್ಲ ಉಂಡೆ.